ಗೀರಿನಲ್ಲಿ ಉಳಿದ ದನಿ

1860ರ ಏಪ್ರಿಲ್ 9ರಂದು ಪ್ಯಾರಿಸ್ಸಿನಲ್ಲಿ ಎದುವಾರ್-ಲಿಯೊನ್ ಸ್ಕಾಟ್ ದ ಮಾರ್ತಿನ್‌ವಿಲ್ ಎಂಬಾತ ತಾನೇ ಕಟ್ಟಿದ ಯಂತ್ರವೊಂದರ ಅಗಲವಾದ ಬಾಯಿಯೆದುರು ನಿಂತು, ಫ್ರಾನ್ಸಿನ ಮಕ್ಕಳಿಗೆಲ್ಲ ಗೊತ್ತಿದ್ದ ಹಾಡಿನ ತುಣುಕೊಂದನ್ನು ನಿಧಾನವಾಗಿ ಹಾಡಿದ. ಯಂತ್ರದ ಇನ್ನೊಂದು ತುದಿಯಲ್ಲಿ ಬಿಗಿದ ತೆಳ್ಳನೆಯ ಪೊರೆ, ಅದಕ್ಕೆ ಅಂಟಿಸಿದ ಹಂದಿಯ ಬಿರುಗೂದಲು, ಕೂದಲಿನ ತುದಿ ತಾಗುವಂತೆ ದೀಪದ ಮಸಿ ಹಿಡಿಸಿದ ಕಾಗದ ಸುತ್ತಿದ್ದ ಉರುಳೆ. ಹಾಡಿನ ಜೊತೆ ಪೊರೆ ಅದುರಿತು, ಕೂದಲು ಓಲಾಡಿತು, ಮಸಿಯ ಮೇಲೆ ಬೆಳ್ಳನೆಯ ಅಂಕುಡೊಂಕು ಗೆರೆ ಮೂಡಿತು. ಆ ಗೆರೆಯನ್ನು ಮತ್ತೆ ಸದ್ದಾಗಿಸಿ ಕೇಳಬೇಕೆಂಬ ಯೋಚನೆ ಅವನಿಗಿರಲಿಲ್ಲ. ಸ್ಕಾಟ್ ವೃತ್ತಿಯಿಂದ ಮುದ್ರಣದವನು. ದನಿ ತನ್ನನ್ನು ತಾನೇ ಬರೆದುಕೊಳ್ಳಬೇಕು, ಆ ಬರಹವನ್ನು ಮನುಷ್ಯ ಕಣ್ಣಿನಿಂದ ಓದಬೇಕು ಎಂಬುದು ಅವನ ಆಸೆ. ನುಡಿದದ್ದನ್ನು ಮರಳಿ ನುಡಿಸುವ ಎಡಿಸನ್ನನ ಫೋನೋಗ್ರಾಫ್ ಬರಲು ಇನ್ನೂ 17 ವರ್ಷ ಕಾಯಬೇಕಿತ್ತು.

ಆ ಕಾಗದ 148 ವರ್ಷ ಮೂಕವಾಗಿಯೇ ಇತ್ತು. 2008ರಲ್ಲಿ ‘ಫಸ್ಟ್ ಸೌಂಡ್ಸ್’ ಎಂಬ ಅಮೆರಿಕದ ಸಂಶೋಧಕರ ಗುಂಪು ಅದರ ಸೂಕ್ಷ್ಮ ಚಿತ್ರ ತೆಗೆಸಿತು. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದ ವಿಜ್ಞಾನಿಗಳು ಗೆರೆಯ ಏರಿಳಿತವನ್ನು ಕಂಪ್ಯೂಟರಿನಲ್ಲಿ ಅಳೆದು ಸದ್ದಾಗಿಸಿದರು. ಸುಮಾರು ಹತ್ತು ಸೆಕೆಂಡಿನ ಹಾಡು ಕೇಳಿಸಿತು. ಹಾಡಿದವಳು ಯಾರೋ ಹುಡುಗಿ ಇರಬೇಕು ಎಂದುಕೊಂಡರು.

ಹುಡುಗಿಯಲ್ಲ ಎಂಬುದು ಮರುವರ್ಷ ತಿಳಿಯಿತು. ಉರುಳೆಯನ್ನು ಕೈಯಲ್ಲಿ ತಿರುಗಿಸಿದರೆ ವೇಗ ಒಂದೇ ಸಮ ಇರುವುದಿಲ್ಲವೆಂದು ಸ್ಕಾಟ್‌ಗೆ ಗೊತ್ತಿತ್ತು. ಅದಕ್ಕೆಂದೇ ದನಿಯ ಗೆರೆಯ ಪಕ್ಕದಲ್ಲಿ ಶ್ರುತಿಕವೆಯೊಂದರ ಕಂಪನವನ್ನೂ ಅದೇ ಹೊತ್ತಿಗೆ ಗೀರಿಸಿದ್ದ. ಶ್ರುತಿಕವೆ ಸೆಕೆಂಡಿಗೆ ಎಷ್ಟು ಸಲ ಅದುರುತ್ತದೆಂದು ಗೊತ್ತಿದ್ದರೆ ಅದರ ಅಲೆಗಳನ್ನು ಎಣಿಸಿ, ಕಾಗದದ ಯಾವ ಭಾಗ ಎಷ್ಟು ಹೊತ್ತಿನಲ್ಲಿ ಸರಿಯಿತೆಂದು ಲೆಕ್ಕ ಹಾಕಬಹುದು. ಕವೆಯದು 500 ಕಂಪನ ಎಂದು ದಾಖಲೆಯಲ್ಲಿತ್ತು. ಆದರೆ ಆ ಕಾಲದ ಫ್ರೆಂಚರು ಕವೆ ಆ ಕಡೆ ಹೋದದ್ದನ್ನು ಒಂದು, ಈ ಕಡೆ ಬಂದದ್ದನ್ನು ಇನ್ನೊಂದು ಎಂದು ಎಣಿಸುತ್ತಿದ್ದರು. ನಮ್ಮ ಲೆಕ್ಕದಲ್ಲಿ ಅದು 250 ಹರ್ಟ್ಸ್. ವೇಗ ಅರ್ಧಕ್ಕಿಳಿಸಿದಾಗ ಹುಡುಗಿ ಮರೆಯಾಗಿ ನಡುವಯಸ್ಸಿನ ಗಂಡಸೊಬ್ಬ ಮೆಲ್ಲಗೆ, ತುಸು ತಡವರಿಸುತ್ತ ಹಾಡುವುದು ಕೇಳಿಸಿತು. ಬಹುಮಟ್ಟಿಗೆ ಅದು ಸ್ಕಾಟ್‌ನದೇ ದನಿ.

ಧ್ವನಿಮುದ್ರಣಗಳನ್ನು ಏಕೆ ಕಾಪಿಡಬೇಕು ಎಂಬ ಪ್ರಶ್ನೆಗೆ ಬರುವ ಮಾಮೂಲಿ ಉತ್ತರ ‘ಅವು ಪರಂಪರೆಯ ಆಸ್ತಿ’ ಎಂಬುದು. ಅದು ನಿಜವೇ. ಆದರೆ ಸ್ಕಾಟ್‌ನ ಕಾಗದ ಅದಕ್ಕಿಂತ ಬಲವಾದ ಕಾರಣ ಕೊಡುತ್ತದೆ. ಮುದ್ರಣವೊಂದರಲ್ಲಿ ಏನೇನು ಅಡಗಿದೆ ಎಂಬುದು ಮುದ್ರಿಸಿದವರಿಗೂ ತಿಳಿದಿರುವುದಿಲ್ಲ, ಇಂದು ಅದನ್ನು ಕೇಳುತ್ತಿರುವ ನಮಗೂ ತಿಳಿದಿರುವುದಿಲ್ಲ. ಮುಂದಿನವರು ನಮಗಿಂತ ಚೆನ್ನಾಗಿ ಕೇಳಬಲ್ಲರು, ಆದರೆ ಕೇಳಲು ವಸ್ತು ಉಳಿದಿದ್ದರೆ ಮಾತ್ರ. ಈ ಅಧ್ಯಾಯದುದ್ದಕ್ಕೂ ನಾನು ಹೇಳಹೊರಟಿರುವುದು ಇದನ್ನೇ.

ಮೊದಲು ವೇಗದ ಮಾತು ಮುಗಿಸೋಣ. ಸದ್ದೆಂದರೆ ಗಾಳಿಯ ಒತ್ತಡದ ಏರಿಳಿತ. ಮುದ್ರಣ ಯಂತ್ರ ಆ ಏರಿಳಿತವನ್ನು ವಸ್ತುವೊಂದರ ಮೇಲೆ ಗೆರೆಯಾಗಿ ಎಳೆಯುತ್ತದೆ. 1877ರಲ್ಲಿ ಎಡಿಸನ್ ಅದನ್ನು ತವರದ ತಗಡಿನ ಹಾಳೆಯಲ್ಲಿ ಒತ್ತಿಸಿದ, ಮುಂದೆ ಮೇಣದ ಉರುಳೆಗಳು ಬಂದವು. ಉರುಳೆಯಲ್ಲಿ ಮುಳ್ಳು ಮೇಲೆ ಕೆಳಗೆ ಓಡಾಡಿ ಆಳ ಕಡಿಮೆ ಹೆಚ್ಚು ಮಾಡುತ್ತದೆ. 1887ರಲ್ಲಿ ಎಮಿಲ್ ಬರ್ಲೀನರ್ ತಂದ ಗ್ರಾಮೊಫೋನಿನಲ್ಲಿ ಅಡ್ಡಡ್ಡ ಓಲಾಡುತ್ತದೆ. ಟೇಪಿನಲ್ಲಿ ಮುಳ್ಳೂ ಇಲ್ಲ ಗೀರೂ ಇಲ್ಲ, ಕಬ್ಬಿಣದ ಆಕ್ಸೈಡಿನ ಕಣಗಳ ಕಾಂತೀಯತೆ ಮಾತ್ರ. ಆದರೆ ಎಲ್ಲದರಲ್ಲೂ ಕಾಲ ಉದ್ದವಾಗಿ ಮಾರ್ಪಡುತ್ತದೆ. ಉದ್ದವನ್ನು ಮತ್ತೆ ಕಾಲವಾಗಿಸಬೇಕಾದರೆ ಮೂಲದ ವೇಗ ಗೊತ್ತಿರಬೇಕು.

ನಮ್ಮ ಸಂಗೀತಕ್ಕೆ ಇದು ಎಷ್ಟು ಹತ್ತಿರದ ವಿಷಯ ನೋಡಿ. 1902ರ ನವೆಂಬರಿನಲ್ಲಿ ಗ್ರಾಮೊಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಮೊದಲಾದವರ ಹಾಡನ್ನು ಮುದ್ರಿಸಿಕೊಂಡ. ತಟ್ಟೆಗಳು ಅಚ್ಚಾದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಕೆಲವೇ ವರ್ಷಗಳಲ್ಲಿ ಬೆಂಗಳೂರು ನಾಗರತ್ನಮ್ಮನವರ ದನಿಯೂ ತಟ್ಟೆಗೆ ಇಳಿಯಿತು. ಇಂಥವನ್ನೆಲ್ಲ ನಾವು ಒಟ್ಟಾಗಿ ‘78ರ ಪ್ಲೇಟು’ ಎನ್ನುತ್ತೇವೆ. ಆದರೆ ಆ ಕಾಲದಲ್ಲಿ ನಿಮಿಷಕ್ಕೆ 78 ಸುತ್ತು ಎಂಬ ನಿಯಮವೇ ಗಟ್ಟಿಯಾಗಿರಲಿಲ್ಲ. ಒಂದು ತಟ್ಟೆ 72ಕ್ಕೂ ಇನ್ನೊಂದು 80ಕ್ಕೂ ಮುದ್ರಣವಾಗಿರಬಹುದಿತ್ತು. 73.6 ಸುತ್ತಿನಲ್ಲಿ ಮುದ್ರಿಸಿದ ತಟ್ಟೆಯನ್ನು 78ಕ್ಕೆ ತಿರುಗಿಸಿದರೆ ಶ್ರುತಿ ಸರಿಯಾಗಿ ಒಂದು ಸ್ವರಸ್ಥಾನ ಏರುತ್ತದೆ. ಐದು ಮನೆ ಶ್ರುತಿಯಲ್ಲಿ ಹಾಡಿದ್ದು ಐದೂವರೆ ಮನೆಯದಾಗಿ ಕೇಳಿಸುತ್ತದೆ. ಎಲ್ಲ ಸ್ವರಗಳೂ ಒಂದೇ ಅನುಪಾತದಲ್ಲಿ ಏರುವುದರಿಂದ ರಾಗ ಕೆಡುವುದಿಲ್ಲ. ಕೆಡುವುದು ಬೇರೆಯೇ. ಗಮಕದ ಓಲಾಟ ಚುರುಕಾಗುತ್ತದೆ, ಕಾಲಪ್ರಮಾಣ ಓಡುತ್ತದೆ. ಜೊತೆಗೆ ದನಿಯ ಗುಣವೂ ಬದಲಾಗುತ್ತದೆ. ಗಂಟಲು ಮತ್ತು ಬಾಯಿಯ ಪೊಳ್ಳು ಎಷ್ಟು ಉದ್ದವೋ ಅದಕ್ಕೆ ತಕ್ಕಂತೆ ಕೆಲವು ಆವೃತ್ತಿಗಳು ದನಿಯಲ್ಲಿ ಎದ್ದು ಕೇಳಿಸುತ್ತವೆ. ವೇಗ ಹೆಚ್ಚಿಸಿದಾಗ ಅವೂ ಮೇಲೇರುವುದರಿಂದ ಹಾಡಿದವರ ಗಂಟಲೇ ಚಿಕ್ಕದಾದಂತೆ ಕಿವಿಗೆ ತೋರುತ್ತದೆ. ಸ್ಕಾಟ್ ಹುಡುಗಿಯಾದದ್ದು ಹೀಗೆ. ಹಳೆಯ ತಟ್ಟೆ ಕೇಳಿ ‘ಆಗಿನವರೆಲ್ಲ ಎಷ್ಟು ಎತ್ತರದಲ್ಲಿ, ಎಷ್ಟು ಅವಸರದಲ್ಲಿ ಹಾಡುತ್ತಿದ್ದರು’ ಎನ್ನುವ ಮುಂಚೆ ತಟ್ಟೆ ಯಾವ ವೇಗದ್ದು ಎಂದು ಕೇಳಬೇಕು.

ಆ ವೇಗವನ್ನು ಹುಡುಕುವ ಸುಳಿವುಗಳು ಅನಿರೀಕ್ಷಿತ ಜಾಗಗಳಲ್ಲಿರುತ್ತವೆ. ಬುಡಕಟ್ಟು ಹಾಡುಗಳನ್ನು ಮುದ್ರಿಸುತ್ತಿದ್ದ ಕೆಲವು ವಿದ್ವಾಂಸರು ಪ್ರತಿ ಉರುಳೆಯ ಆರಂಭದಲ್ಲಿ ಒಂದು ಪೀಪಿಯನ್ನು ಊದುತ್ತಿದ್ದರು. ಅದರ ಶ್ರುತಿ ಗೊತ್ತಿರುವುದರಿಂದ ಅದೇ ಅಳತೆಗೋಲು. ಪಕ್ಕವಾದ್ಯವಾಗಿ ಹಾರ್ಮೋನಿಯಂ ಇದ್ದರೆ ಅದರ ಮನೆಗಳು ನೆರವಿಗೆ ಬರುತ್ತವೆ. ಟೇಪಿನ ಕಾಲದ ಮುದ್ರಣದಲ್ಲಿ ಹಾಡಿನ ಹಿಂದೆ ಸಣ್ಣಗೆ ಗುಂಯ್‌ಗುಡುವ ಸದ್ದೊಂದು ಕೇಳಿಸುತ್ತದಲ್ಲ, ಅದು ಕರೆಂಟಿನದು. ನಮ್ಮಲ್ಲಿ ವಿದ್ಯುತ್ ಸೆಕೆಂಡಿಗೆ 50 ಆವರ್ತ. ಅಂದು ಮುದ್ರಕನಿಗೆ ತಲೆನೋವಾಗಿದ್ದ ಆ ಗುಂಯ್‌ಕಾರ ಇಂದು ಟೇಪಿನ ವೇಗ ತಿದ್ದಲು ಸಿಗುವ ಶ್ರುತಿಕವೆ. ಹಳೆಯ ಹಾಡನ್ನು ‘ಶುಚಿ’ ಮಾಡಿ ಇಂಟರ್‌ನೆಟ್ಟಿಗೆ ಏರಿಸುವ ಉತ್ಸಾಹಿಗಳು ಮೊದಲು ಒರೆಸಿಹಾಕುವುದು ಇದನ್ನೇ. ಒಳ್ಳೆಯ ಸಂಗ್ರಹಾಲಯಗಳು ಹಾಗೆ ಮಾಡುವುದಿಲ್ಲ. ಕರಕರ, ಗುಂಯ್‌ಕಾರ, ಕೆಮ್ಮು, ನಾಯಿ ಬೊಗಳಿದ್ದು ಎಲ್ಲವೂ ಇರುವ ಪ್ರತಿಯೊಂದನ್ನು ಮೊದಲು ತೆಗೆದಿಟ್ಟು, ಕೇಳುಗರಿಗಾಗಿ ಬೇರೊಂದನ್ನು ಶುಚಿ ಮಾಡುತ್ತವೆ.

ಬೇಡದ ಸದ್ದೇ ಮುಖ್ಯವಾದ ಇನ್ನೊಂದು ಪ್ರಸಂಗವನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಬರ್ಮುಡಾ ದ್ವೀಪದ ಬಳಿ ಅಮೆರಿಕದ ನೌಕಾಪಡೆಗಾಗಿ ಕೆಲಸ ಮಾಡುತ್ತಿದ್ದ ಫ್ರಾಂಕ್ ವಾಟ್ಲಿಂಗ್‌ಟನ್ ಎಂಬ ಎಂಜಿನಿಯರ್ ಕಡಲಾಳದ ಮೈಕ್ರೊಫೋನುಗಳಿಗೆ ಕಿವಿಗೊಟ್ಟಿದ್ದ. ಅವನಿಗೆ ಬೇಕಾಗಿದ್ದು ಬೇರೆ ಸದ್ದುಗಳು. ಟೇಪಿನಲ್ಲಿ ಸಿಕ್ಕಿದ್ದು ಗೂನುಬೆನ್ನಿನ ತಿಮಿಂಗಿಲಗಳ ಕೂಗು. ಟೇಪನ್ನು ಎಸೆಯದೆ ಜೀವವಿಜ್ಞಾನಿ ರೋಜರ್ ಪೇನ್ ಅವರಿಗೆ ಕೊಟ್ಟ. ಆ ಕೂಗು ಒಂದೇ ಕ್ರಮದಲ್ಲಿ ಮರಳಿ ಮರಳಿ ಬರುತ್ತದೆ, ಅಂದರೆ ಅದು ಹಾಡು ಎಂದು ಪೇನ್ ಮತ್ತು ಸ್ಕಾಟ್ ಮ್ಯಾಕ್‌ವೇ ತೋರಿಸಿಕೊಟ್ಟರು. 1970ರಲ್ಲಿ ಬಂದ ಅದರ ಗ್ರಾಮೊಫೋನ್ ತಟ್ಟೆ ತಿಮಿಂಗಿಲ ಬೇಟೆಯ ವಿರುದ್ಧದ ಚಳವಳಿಗೆ ದೊಡ್ಡ ಬಲ ತಂದಿತು. ವಾಣಿಜ್ಯ ಬೇಟೆಗೆ ತಡೆ ಹಾಕುವ ಅಂತಾರಾಷ್ಟ್ರೀಯ ತೀರ್ಮಾನ 1982ರಲ್ಲಿ ಬಂತು.

ಇನ್ನು ಈ ವಸ್ತುಗಳು ಸಾಯುವ ಬಗೆ. ಒಂದೊಂದರ ಸಾವು ಒಂದೊಂದು ರೀತಿ. ಮೇಣದ ಉರುಳೆ ಎನ್ನುತ್ತೇವಾದರೂ ಅವುಗಳಲ್ಲಿ ಹೆಚ್ಚಿನವು ರಸಾಯನಶಾಸ್ತ್ರದ ಲೆಕ್ಕದಲ್ಲಿ ಲೋಹದ ಸಾಬೂನು. ಅದರ ಮೇಲೆ ಬೂಷ್ಟು ಬೆಳೆದು ಗೀರನ್ನು ತಿಂದುಹಾಕುತ್ತದೆ. ಪ್ರತಿ ಸಲ ಮುಳ್ಳು ಇಟ್ಟಾಗಲೂ ಸ್ವಲ್ಪ ಸವೆಯುತ್ತದೆ, ಜಾರಿಬಿದ್ದರೆ ಚೂರು. ಗ್ರಾಮೊಫೋನ್ ತಟ್ಟೆಯದು ಬೇರೆ ಕಥೆ. ಅದು ಬಹುಪಾಲು ಕಲ್ಲಿನ ಪುಡಿ, ಅದನ್ನು ಹಿಡಿದಿಡುವುದು ಅರಗು. ಮುತ್ತುಗ, ಕುಸುಮ, ಬೋರೆ ಮರಗಳ ಕೊಂಬೆಗೆ ಕೂತು ಅರಗು ಸ್ರವಿಸುವ ಪುಟ್ಟ ಕೀಟ ನಮ್ಮ ದೇಶದ್ದು. ಅರ್ಧ ಶತಮಾನ ಇಡೀ ಜಗತ್ತಿನ ಸಂಗೀತವನ್ನು ಹೊತ್ತದ್ದು ಬಹುಮಟ್ಟಿಗೆ ಭಾರತದ ಕಾಡುಗಳ ಈ ಅರಗು. ಎರಡನೆಯ ಮಹಾಯುದ್ಧದಲ್ಲಿ ಅದು ಹಡಗೇರುವುದು ಕಷ್ಟವಾದಾಗ ಅಮೆರಿಕದ ಕಂಪನಿಗಳು ಜನರಿಂದ ಹಳೆಯ ತಟ್ಟೆಗಳನ್ನು ವಾಪಸು ಪಡೆದು, ಪುಡಿ ಮಾಡಿ, ಹೊಸ ತಟ್ಟೆ ಅಚ್ಚು ಹಾಕಿದವು. ಎಷ್ಟು ದನಿಗಳು ಹೀಗೆ ಕರಗಿಹೋದವೋ.

ಟೇಪು ಗಟ್ಟಿ ಎಂದು ಎಲ್ಲರೂ ನಂಬಿದ್ದರು. ಹಳೆಯ ಅಸಿಟೇಟ್ ಟೇಪು ಹಾಳಾಗತೊಡಗಿದಾಗ ಡಬ್ಬಿ ತೆರೆದ ಕೂಡಲೇ ವಿನಿಗರ್ ವಾಸನೆ ಮೂಗಿಗೆ ಬಡಿಯುತ್ತದೆ: ಟೇಪಿನಿಂದ ಅಸಿಟಿಕ್ ಆಮ್ಲ ಹೊರಬರುತ್ತಿದೆ ಎಂದರ್ಥ, ಹಾಗೆ ಬಂದ ಆಮ್ಲ ಕೊಳೆಯುವಿಕೆಯನ್ನು ಇನ್ನೂ ಚುರುಕುಗೊಳಿಸುತ್ತದೆ. 1970–80ರ ದಶಕಗಳ ಒಳ್ಳೊಳ್ಳೆಯ ಸ್ಟುಡಿಯೋ ಟೇಪುಗಳ ಪಾಡು ಇನ್ನೂ ವಿಚಿತ್ರ. ಕಾಂತೀಯ ಕಣಗಳನ್ನು ಹಿಡಿದಿಡುವ ಪಾಲಿಯುರೆಥೇನ್ ಅಂಟು ಗಾಳಿಯ ತೇವ ಹೀರಿ ಒಡೆಯುತ್ತದೆ, ಮಳೆಗಾಲದ ಬೆಲ್ಲದಂತೆ ಜಿನುಗಿ ಅಂಟಂಟಾಗುತ್ತದೆ. ಅಂಥ ಟೇಪನ್ನು ಹಾಗೇ ಯಂತ್ರಕ್ಕೇರಿಸಿದರೆ ಕೀರಲು ಸದ್ದು ಮಾಡುತ್ತ ನಿಲ್ಲುತ್ತದೆ. ಹೆಡ್ಡಿನ ಮೇಲೆ ಕಂದು ಬಣ್ಣದ ಲೇಪ ಕೂರುತ್ತದೆ. ಆ ಲೇಪವೇ ಹಾಡು. ಇದಕ್ಕೆ ತಂತ್ರಜ್ಞರು ಕಂಡುಕೊಂಡ ಉಪಾಯ ಟೇಪನ್ನು ಸುಮಾರು 54 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ಹದ ತಪ್ಪದೆ, ತಾಸುಗಟ್ಟಲೆ ಬೇಯಿಸುವುದು. ತೇವ ಹೋಗಿ ಅಂಟು ತಾತ್ಕಾಲಿಕವಾಗಿ ಗಟ್ಟಿಯಾಗುತ್ತದೆ. ಕೆಲವು ದಿನ, ಹೆಚ್ಚೆಂದರೆ ಕೆಲವು ವಾರದ ಬಿಡುವು. ಅಷ್ಟರಲ್ಲಿ ಅದರಲ್ಲಿರುವುದನ್ನು ಇಳಿಸಿಕೊಳ್ಳಬೇಕು.

ವಸ್ತು ಚೆನ್ನಾಗಿದ್ದರೂ ಯಂತ್ರ ಬೇಕಲ್ಲ. ವೃತ್ತಿಪರ ಸ್ಪೂಲ್ ಯಂತ್ರಗಳ ತಯಾರಿಕೆ ಬಹುತೇಕ ನಿಂತುಹೋಗಿದೆ; ಬಿಡಿಭಾಗವಿಲ್ಲ, ರಿಪೇರಿ ಮಾಡಬಲ್ಲವರು ನಿವೃತ್ತರಾಗಿದ್ದಾರೆ. ಯುನೆಸ್ಕೊ ಮತ್ತು ಧ್ವನಿ ಸಂಗ್ರಹಾಲಯಗಳ ಅಂತಾರಾಷ್ಟ್ರೀಯ ಸಂಘ 2019ರಲ್ಲಿ ಜಗತ್ತಿಗೇ ಎಚ್ಚರಿಕೆ ಕೊಟ್ಟವು: 2025ರ ಸುಮಾರಿಗೆ ಟೇಪಿನಿಂದ ಮುದ್ರಣಗಳನ್ನು ವಾಡಿಕೆಯಂತೆ ಇಳಿಸಿಕೊಳ್ಳುವ ಕೆಲಸ ಎಲ್ಲೆಡೆ ಕೊನೆಯಾಗಬಹುದು. ಆ ಗಡುವು ಬಂದೂ ಆಯಿತು. ಈ ಮಾತನ್ನು ನಾನು ಸಮಾಧಾನದಿಂದ ಬರೆಯಲಾರೆ. ನಮ್ಮ ಊರೂರುಗಳ ಅಟ್ಟದ ಮೇಲೆ, ಕಾಲೇಜುಗಳ ಬೀರುಗಳಲ್ಲಿ ಕೂತಿರುವ ಟೇಪುಗಳನ್ನು ನೆನೆದರೆ ಎದೆ ಝಲ್ಲೆನ್ನುತ್ತದೆ.

ಟೇಪಿಗಲ್ಲದಿದ್ದರೂ ಗೀರಿನ ಮುದ್ರಣಗಳಿಗೆ, ಯಂತ್ರದ ಮುಳ್ಳು ತಾಗಿಸದೆಯೇ ಕೇಳುವ ದಾರಿಯೊಂದನ್ನು ತೆರೆದವರು ಕಣಭೌತವಿಜ್ಞಾನಿಗಳು. ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದ ಕಾರ್ಲ್ ಹೇಬರ್ ಅವರ ಕೆಲಸ ಕಣಗಳ ಜಾಡು ಹಿಡಿಯುವ ಪತ್ತೆಕಾರಕಗಳನ್ನು ಕಟ್ಟುವುದು. ಅದಕ್ಕೆ ಕೂದಲೆಳೆಗಿಂತ ಎಷ್ಟೋ ಸೂಕ್ಷ್ಮವಾದ ಅಳತೆ ಬೇಕು. ಮುಟ್ಟಿದರೆ ಹಾಳಾಗುವ ಹಳೆಯ ಮುದ್ರಣಗಳ ಬಗ್ಗೆ ರೇಡಿಯೋದಲ್ಲಿ ಕೇಳಿದ ಅವರಿಗೆ, ಗೀರೂ ಒಂದು ಜಾಡೇ ಅಲ್ಲವೇ, ಅದನ್ನೂ ಚಿತ್ರ ತೆಗೆದು ಅಳೆಯಬಹುದಲ್ಲ ಎನ್ನಿಸಿತು. ವಿಟಾಲಿ ಫದೇಯೆವ್ ಜೊತೆಗೂಡಿ ಅವರು ಕಟ್ಟಿದ ವ್ಯವಸ್ಥೆಯ ಹೆಸರು ‘ಐರೀನ್’. ಅಡ್ಡಡ್ಡ ಓಲಾಡುವ ಗೀರಾದರೆ ಕ್ಯಾಮೆರಾ ಸಾಕು. ಮೇಲೆ ಕೆಳಗೆ ಏರಿಳಿಯುವ ಮೇಣದ ಗೀರಾದರೆ ಬೆಳಕಿನಿಂದ ಆಳವನ್ನು ಮೈಕ್ರಾನುಗಳಲ್ಲಿ ಅಳೆದು, ಗೀರಿನ ಪೂರ್ಣ ಭೂಪಟವನ್ನೇ ರಚಿಸಬೇಕು. ಆಮೇಲೆ ಮುಳ್ಳು ಓಡುವುದು ಕಂಪ್ಯೂಟರಿನೊಳಗೆ ಮಾತ್ರ. ಒಡೆದ ಉರುಳೆಯ ಚೂರುಗಳನ್ನೂ ಹೀಗೆ ಓದಬಹುದು. 1885ರಲ್ಲಿ ಮೇಣದ ತಟ್ಟೆಯೊಂದಕ್ಕೆ ಮಾತಾಡಿದ್ದ ಅಲೆಗ್ಸಾಂಡರ್ ಗ್ರಹಾಂ ಬೆಲ್ ದನಿ ಹೇಗಿತ್ತೆಂದು ಜಗತ್ತಿಗೆ ತಿಳಿದದ್ದು 2013ರಲ್ಲಿ, ಈ ವಿಧಾನದಿಂದಲೇ. ಡಿಜಿಟಲ್ ಪ್ರತಿ ಮಾಡಿಕೊಂಡ ಮೇಲೆ ಮೂಲ ವಸ್ತು ಏಕೆ ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. ಪ್ರತಿಯಲ್ಲಿರುವುದು ಇಂದಿನ ಯಂತ್ರ ಕೇಳಿದಷ್ಟು ಮಾತ್ರ.

ಮುದ್ರಿತ ಪಠ್ಯವಿರುವಾಗ ದನಿ ಏಕೆ ಎಂಬ ಪ್ರಶ್ನೆಯೂ ನಮ್ಮಲ್ಲಿ ಬರುತ್ತದೆ. ಮಲೆ ಮಾದೇಶ್ವರ ಕಾವ್ಯ, ಮಂಟೇಸ್ವಾಮಿ ಕಾವ್ಯಗಳನ್ನು ಗಾಯಕರ ಬಾಯಿಂದ ಕೇಳಿ ಬರೆದುಕೊಂಡು ಅಚ್ಚು ಹಾಕಿಸಿದ ವಿದ್ವಾಂಸರ ಶ್ರಮ ದೊಡ್ಡದು. ಆದರೆ ಪುಸ್ತಕದಲ್ಲಿ ಒಂದು ಸಾಲಾಗಿ ಕಾಣುವುದನ್ನು ದೇವರಗುಡ್ಡರು ಹಾಡುವಾಗ ಮುಮ್ಮೇಳದವರು ಅರ್ಧಕ್ಕೆ ಬಿಡುತ್ತಾರೆ, ಹಿಮ್ಮೇಳ ಎತ್ತಿಕೊಳ್ಳುತ್ತದೆ, ಕಂಸಾಳೆಯ ಪೆಟ್ಟು ನಡುವೆ ಬೀಳುತ್ತದೆ. ಕಥೆ ಬಿರುಸಾದಂತೆ ಪೆಟ್ಟಿನ ನಡುವಣ ಅಂತರ ಕಿರಿದಾಗುತ್ತದೆ. ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರ ತಂಬೂರಿ, ಗಗ್ಗರ, ಡಮ್ಮಡಿಗಳಲ್ಲಿ ಯಾವುದು ಎಲ್ಲಿ ತಡೆದು ನಿಲ್ಲುತ್ತದೆ, ಹಾಡು ಎಲ್ಲಿ ಮಾತಾಗಿ ಜಾರುತ್ತದೆ, ಕೇಳುವವರು ಎಲ್ಲಿ ದನಿಗೂಡಿಸುತ್ತಾರೆ ಎಂಬುದೂ ಕಾವ್ಯವೇ. ಅದು ಅಚ್ಚಿನಲ್ಲಿ ಬರುವುದಿಲ್ಲ. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ ಹಾಡುಗಾರರ ದನಿಗಳನ್ನೂ ಕೂಡಿಟ್ಟಿದ್ದು ಈ ಕಾರಣಕ್ಕೆ ಬೆಲೆಬಾಳುತ್ತದೆ.

ಯಾವುದನ್ನು ಉಳಿಸಬೇಕೆಂದು ಆರಿಸುವವರು ಯಾರು? ಅಮೆರಿಕದಲ್ಲಿ 2000ದಲ್ಲಿ ಕಾಯ್ದೆ ಮಾಡಿ, ಸಂಸತ್ತಿನ ಗ್ರಂಥಾಲಯ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಆ ಹೊಣೆ ವಹಿಸಿದರು. ಸಂಸ್ಕೃತಿ, ಚರಿತ್ರೆ, ಸೌಂದರ್ಯ ಇವುಗಳಲ್ಲಿ ಒಂದು ಕಾರಣಕ್ಕಾದರೂ ಮುಖ್ಯವಾದ, ಕನಿಷ್ಠ ಹತ್ತು ವರ್ಷ ಹಳೆಯದಾದ 25 ಮುದ್ರಣಗಳು ವರ್ಷಕ್ಕೊಮ್ಮೆ ರಾಷ್ಟ್ರೀಯ ಪಟ್ಟಿಗೆ ಸೇರುತ್ತವೆ. ತಿಮಿಂಗಿಲಗಳ ಹಾಡೂ ಅದರಲ್ಲಿದೆ. 50 ಮುದ್ರಣಗಳ ಮೊದಲ ಪಟ್ಟಿಯಲ್ಲೇ ಇದ್ದದ್ದು ಪಾಸಮಕ್ವಾಡಿ ಎಂಬ ಮೂಲನಿವಾಸಿ ಜನರ ಮೇಣದ ಉರುಳೆಗಳು.

1890ರ ಮಾರ್ಚಿನಲ್ಲಿ ಜೆಸ್ಸಿ ವಾಲ್ಟರ್ ಫ್ಯೂಕ್ಸ್ ಎಂಬ ವಿದ್ವಾಂಸ ಕೆನಡಾದ ಗಡಿಯಲ್ಲಿರುವ ಮೇನ್ ರಾಜ್ಯದ ಕ್ಯಾಲೇಸ್ ಊರಿಗೆ ಎಡಿಸನ್ ಯಂತ್ರ ಹೊತ್ತು ಹೋದ. ನೈಋತ್ಯದ ಝೂನಿ ಜನರ ಬಳಿಗೆ ಹೋಗುವ ಮುಂಚೆ ಯಂತ್ರ ಹೇಗೆ ನಡೆಯುತ್ತದೆ ನೋಡೋಣ ಎಂದಷ್ಟೇ ಅವನ ಉದ್ದೇಶ. ಪಾಸಮಕ್ವಾಡಿ ಜನ ಅವನಿಗೆ ಹಾಡಿದರು, ಕಥೆ ಹೇಳಿದರು. ಆ ಪರೀಕ್ಷೆಯ ಓಟವೇ ಜಗತ್ತಿನಲ್ಲಿ ಕ್ಷೇತ್ರಕಾರ್ಯಕ್ಕೆ ಹೋಗಿ ಮಾಡಿದ ಮೊದಲ ಧ್ವನಿಮುದ್ರಣವಾಯಿತು. ಉರುಳೆಗಳು ಹಾರ್ವರ್ಡ್‌ನ ಪೀಬಡಿ ಮ್ಯೂಸಿಯಂ ಸೇರಿ, 1970ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಬಂದವು. ಹಾಡಿದವರ ಮನೆಗಳಿಗೆ ಮಾತ್ರ ಅವು ಮರಳಲಿಲ್ಲ. 1980ರ ದಶಕದಲ್ಲಿ ಕ್ಯಾಸೆಟ್ ಪ್ರತಿಗಳೇನೋ ಹೋದವು, ಕರಕರದಲ್ಲಿ ಮಾತು ಹಿಡಿಯುವುದೇ ಕಷ್ಟವಾಗಿತ್ತು. ಕಳೆದ ದಶಕದಲ್ಲಿ ಹೊಸದಾಗಿ ಇಳಿಸಿದ ಸ್ವಚ್ಛ ಪ್ರತಿಗಳನ್ನು ಪಾಸಮಕ್ವಾಡಿ ಹಿರಿಯರು ಕೂತು ಆಲಿಸಿದರು. ಫ್ಯೂಕ್ಸ್ ಇಂಗ್ಲಿಷಿನಲ್ಲಿ ಗೀಚಿದ್ದ ತಲೆಬರಹಗಳ ಜಾಗದಲ್ಲಿ ತಮ್ಮ ಭಾಷೆಯ ಹೆಸರುಗಳನ್ನು ಕೊಟ್ಟರು. ಯಾವುದು ಏತರ ಹಾಡು, ಯಾವುದನ್ನು ಎಲ್ಲರಿಗೂ ತೆರೆದಿಡಬಹುದು, ಬಳಸುವವರು ಯಾರನ್ನು ಕೇಳಬೇಕು ಎಂಬ ಟಿಪ್ಪಣಿಗಳು ಗ್ರಂಥಾಲಯದ ದಾಖಲೆಯಲ್ಲೇ ಸೇರಿದವು. ಎಷ್ಟೋ ಕಾಲ ಯಾರೂ ಹಾಡದಿದ್ದ ಹಾಡುಗಳನ್ನು ಅಲ್ಲಿ ಮತ್ತೆ ಕಲಿಯುತ್ತಿದ್ದಾರೆ.

ಇಂಥ ಮರಳುವಿಕೆ ಕರ್ನಾಟಕದಲ್ಲೂ ಒಮ್ಮೆ ನಡೆದಿದೆ. ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ 1938ರಲ್ಲಿ ದಕ್ಷಿಣ ಭಾರತದಲ್ಲಿ ತಿರುಗಾಡಿ ಹಾಡು, ಕುಣಿತಗಳನ್ನು ಮುದ್ರಿಸಿಕೊಂಡಿದ್ದ. ಅವನ ಶಿಷ್ಯ ನಜೀರ್ ಅಲಿ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ 1984ರಲ್ಲಿ ಆ ಮುದ್ರಣಗಳನ್ನು ಹಿಡಿದು ತಮಿಳುನಾಡು, ಕೇರಳ, ಕರ್ನಾಟಕದ ಅದೇ ಜಾಗಗಳಿಗೆ ಹೋಗಿ, ಏನು ಉಳಿದಿದೆ ಏನು ಬದಲಾಗಿದೆ ಎಂದು ನೋಡಿದರು. ಬಾಕೆಯ ಸಂಗ್ರಹದ ಪ್ರತಿ ಈಗ ಗುರ್‌ಗಾಂವ್‌ನ ಧ್ವನಿ ಸಂಗ್ರಹಾಲಯದಲ್ಲಿದೆ.

ಯಾವ ಪಟ್ಟಿಗೂ ಸೇರದ ಸಾವಿರಾರು ಕ್ಯಾಸೆಟ್ಟುಗಳು ನಮ್ಮ ಮನೆಗಳಲ್ಲಿವೆ: ರಾತ್ರಿಯಿಡೀ ನಡೆದ ತಾಳಮದ್ದಳೆ, ಅಜ್ಜಿ ಹೇಳಿದ ಸೋಬಾನೆ, ಊರ ಜಾತ್ರೆಯ ಹರಿಕಥೆ. ಈ ಪುಸ್ತಕ ಓದುವವರಲ್ಲಿ ಯಾರ ಮನೆಯಲ್ಲಾದರೂ ಅಂಥದ್ದಿದ್ದರೆ ಕೆಲವು ಮಾತು. ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಎರಡು ಸಣ್ಣ ಪ್ಲಾಸ್ಟಿಕ್ ಚೂರುಗಳನ್ನು ಮುರಿದುಬಿಡಿ, ಕೈತಪ್ಪಿಯೂ ಅದರ ಮೇಲೆ ಬೇರೇನೂ ಮುದ್ರಣವಾಗುವುದಿಲ್ಲ. ಸ್ಪೀಕರ್, ಮೋಟಾರುಗಳಿಂದ ದೂರ, ಒಣಗಿದ ಜಾಗದಲ್ಲಿ ನಿಲ್ಲಿಸಿಡಿ. ಕಂಪ್ಯೂಟರಿಗೆ ಇಳಿಸುವಾಗ ಎಂಪಿ3 ಬೇಡ, ವೇವ್ ಕಡತವಾಗಿ ಇಳಿಸಿ. ಸಂಗ್ರಹಾಲಯಗಳ ಮಟ್ಟದಲ್ಲಿ, ಅಂದರೆ ಸೆಕೆಂಡಿಗೆ 96,000 ಮಾದರಿ, ಒಂದೊಂದಕ್ಕೂ 24 ಬಿಟ್ ಲೆಕ್ಕದಲ್ಲಿ, ಒಂದು ಗಂಟೆಯ ಸ್ಟೀರಿಯೋ ಮುದ್ರಣಕ್ಕೆ ಸುಮಾರು 2 ಗಿಗಾಬೈಟ್ ಬೇಕು. ಈಗ ಅದು ದೊಡ್ಡ ಜಾಗವೇನಲ್ಲ. ಎರಡು ಪ್ರತಿ ಮಾಡಿ ಎರಡು ಊರಿನಲ್ಲಿಡಿ, ಶುಚಿ ಮಾಡುವ ಆಸೆಯಿದ್ದರೆ ಮೂರನೆಯದನ್ನು ಮಾಡಿ. ಕ್ಯಾಸೆಟ್ಟನ್ನು ಎಸೆಯಬೇಡಿ. ಎಲ್ಲಕ್ಕಿಂತ ಮೊದಲು, ಯಾರ ದನಿ, ಯಾವ ಊರು, ಯಾವ ವರ್ಷ, ಏನು ಸಂದರ್ಭ, ಯಾವ ಯಂತ್ರದಲ್ಲಿ ಹಿಡಿದದ್ದು ಎಂದು ಗೊತ್ತಿರುವವರು ಮನೆಯಲ್ಲಿರುವಾಗಲೇ ಕೇಳಿ ಬರೆದಿಡಿ. ಹಾಡಿದವರೋ ಅವರ ಮಕ್ಕಳೋ ಇದ್ದರೆ ಒಂದು ಪ್ರತಿಯನ್ನು ಅವರಿಗೂ ಮುಟ್ಟಿಸಿ, ಹೊರಗೆ ಹಂಚಬಹುದೇ ಎಂದು ಅವರನ್ನೇ ಕೇಳಿ.